ಡಿಸ್ನಿಯವರ ಬಾಕಿ

ಸಾಲ ಮಾಡಿದವರು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ಡಿಪಾಸಿಟ್ ಇಟ್ಟವರು ಬೆನ್ನು ಒರಗಿಸಿ ಕೂರುತ್ತಾರೆ. ಬ್ಯಾಂಕಿನ ಕೌಂಟರಿನ ಹಿಂದೆ ಅರ್ಧ ಆಯಸ್ಸು ಸವೆಸಿದವರಿಗೆ ಪಾಸ್‌ಬುಕ್ ತೆರೆಯದೆಯೇ ಇಷ್ಟು ಗೊತ್ತಾಗಿಬಿಡುತ್ತದೆ. ತಮಗೆ ಬರಬೇಕಾದದ್ದು ಇನ್ನೂ ಇದೆ ಎನ್ನುವವರ ಮುಖದಲ್ಲಿ ಒಂದು ಕಳೆ ಇರುತ್ತದೆ. ವಿಚಿತ್ರವೆಂದರೆ, ಆ ದುಡ್ಡು ಕೈಗೆ ಬಂದ ದಿನ ಕಳೆ ಸ್ವಲ್ಪ ಇಳಿಯುತ್ತದೆ. ಬಾಕಿ ವಸೂಲಾದ ಮೇಲೆ ಯಾರ ಮೇಲೂ ಹಕ್ಕಿಲ್ಲದೆ ಮನುಷ್ಯ ಬರಿದಾಗುತ್ತಾನೋ ಏನೋ.

ಈ ಕಳೆಯನ್ನು ಅದರ ಪೂರ್ಣ ವೈಭವದಲ್ಲಿ ನಾನು ಕಂಡದ್ದು ನ್ಯೂಜೆರ್ಸಿಯಲ್ಲಿ, ನಮ್ಮ ಭಾವನ ಮುಖದಲ್ಲಿ. ಅವರಿಗೆ ಬಾಕಿ ಕೊಡಬೇಕಾಗಿದ್ದವರು ಸಾಮಾನ್ಯರಲ್ಲ, ವಾಲ್ಟ್ ಡಿಸ್ನಿ ಕಂಪನಿಯವರು.

ಸಂಗತಿ ಇಷ್ಟೇ. 1999ರ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಅಕ್ಕನ ಮನೆಗೆ ಹೋಗಿದ್ದಳು. ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಗಳಿಗೆ ಒಂದು ನಿಗದಿಯಾದ ಯಾತ್ರೆ ಉಂಟು: ನಯಾಗರ, ವಾಷಿಂಗ್ಟನ್, ಯಾವುದಾದರೂ ಒಂದು ದೇವಸ್ಥಾನ, ಕೊನೆಗೆ ಫ್ಲಾರಿಡಾದ ಡಿಸ್ನಿ ವರ್ಲ್ಡ್. ಆ ಸಂಪ್ರದಾಯದಂತೆ ಅಕ್ಕ, ಭಾವ, ಎಂಟು ವರ್ಷದ ಮಗಳು ಮತ್ತು ಅಮ್ಮ ಆರ್ಲ್ಯಾಂಡೊಗೆ ಹೋದರು. ಐದು ದಿನದ ಪಾರ್ಕ್ ಹಾಪರ್ ಟಿಕೆಟ್ ಕೊಂಡರು. ಮೂರು ದಿನಕ್ಕೆ ಅಮ್ಮನ ಮಂಡಿ ಕೈಕೊಟ್ಟಿತು. ಅದರ ಮೇಲೆ ಫ್ಲಾರಿಡಾದ ಮಧ್ಯಾಹ್ನದ ಮಳೆ. ಉಳಿದ ಎರಡು ದಿನ ಎಲ್ಲರೂ ಹೋಟೆಲಿನ ರೂಮಿನಲ್ಲಿ ಚಪಾತಿ, ಚಟ್ನಿಪುಡಿ ತಿಂದುಕೊಂಡು ಕಳೆದರು. ನಷ್ಟವಾಯಿತೆಂದು ಯಾರೂ ಅಳಲಿಲ್ಲ, ಯಾಕೆಂದರೆ ಆ ಕಾಲದ ಟಿಕೆಟ್ಟಿನಲ್ಲಿ ಬಳಸದೆ ಉಳಿದ ದಿನಗಳಿಗೆ ಅವಧಿಯೇ ಇರಲಿಲ್ಲ. ಹತ್ತು ವರ್ಷ ಬಿಟ್ಟು ಬಂದರೂ ಗೇಟು ತೆರೆಯಬೇಕು. ನಾಲ್ಕು ಟಿಕೆಟ್, ತಲಾ ಎರಡು ದಿನ ಜಮೆ. ಭಾವ ಅವನ್ನು ಪಾಸ್‌ಪೋರ್ಟುಗಳ ಜೊತೆ ಇಟ್ಟರು.

ಅಮ್ಮ ಅಲ್ಲಿ ಮೆಚ್ಚಿಕೊಂಡದ್ದು ಎಪ್ಕಾಟ್ ಎಂಬ ಪಾರ್ಕಿನ ಒಂದು ದೋಣಿಯ ಸವಾರಿಯನ್ನು ಮಾತ್ರ. ‘ಲಿವಿಂಗ್ ವಿತ್ ದ ಲ್ಯಾಂಡ್’ ಅಂತ ಅದರ ಹೆಸರು. ದೋಣಿ ನಿಧಾನವಾಗಿ ಗಾಜಿನಮನೆಗಳ ಒಳಗೆ ಸಾಗುತ್ತದೆ. ಅಕ್ಕಪಕ್ಕದಲ್ಲಿ ಮಣ್ಣೇ ಇಲ್ಲದೆ ಬೆಳೆಸಿದ ತರಕಾರಿ, ನೇತುಹಾಕಿದ ಗಿಡಗಳು, ಗಾಳಿಯಲ್ಲಿ ತೂಗುವ ಬೇರುಗಳು, ಬೇರಿಗೇ ಚಿಮುಕಿಸುವ ಗೊಬ್ಬರದ ನೀರು. ತೋಟದ ಮನೆಯಲ್ಲಿ ಹುಟ್ಟಿದ ಅಮ್ಮ, ರಾಕೆಟ್ಟು ರೈಲುಗಳನ್ನೆಲ್ಲ ಬಿಟ್ಟು, ಮತ್ತೆ ಇದರ ಸಾಲಿಗೇ ಹೋಗಿ ನಿಂತಳಂತೆ. “ಮಣ್ಣಿಲ್ದೆ ಬದನೆಕಾಯಿ ಬಿಡುತ್ತೆ ಸರಿ, ರುಚಿ ಹೇಗಿರುತ್ತೋ” ಎಂಬ ಅನುಮಾನವನ್ನು ಊರಿಗೆ ಬಂದಮೇಲೂ ಬಿಟ್ಟಿರಲಿಲ್ಲ.

ಮುಗಿಯದೆ ಉಳಿದ ಟಿಕೆಟ್ಟಿನ ಕಾಯಿಲೆ ಅಮೆರಿಕನ್ನರಿಗೆ ಹಳೆಯದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈನಲ್ಲಿ ತೆರೆದಾಗ ಒಳಗೆ ಹೋಗಲು ಒಂದು ಡಾಲರು, ಆಮೇಲೆ ಪ್ರತಿ ಆಟಕ್ಕೂ ಬೇರೆ ದುಡ್ಡು. ಅದೇ ಅಕ್ಟೋಬರಿನಲ್ಲಿ ಕೂಪನ್ನಿನ ಪುಸ್ತಕ ಬಂತು. ಎ, ಬಿ, ಸಿ ಎಂದು ದರ್ಜೆ. ಮರುವರ್ಷ ಡಿ ಸೇರಿತು. 1959ರಲ್ಲಿ ಮ್ಯಾಟರ್‌ಹಾರ್ನ್ ಬೆಟ್ಟದ ಜಾರುಬಂಡಿ, ಜಲಾಂತರ್ಗಾಮಿ, ಮಾನೊರೈಲು ಬಂದಾಗ ಎಲ್ಲಕ್ಕಿಂತ ಮೇಲಿನ ಇ ದರ್ಜೆ ಹುಟ್ಟಿತು. ಇ ಎಂದರೆ ಅಮೋಘ, ಎ ಎಂದರೆ ಮುಖ್ಯಬೀದಿಯಲ್ಲಿ ಕುದುರೆಗಾಡಿ ಹತ್ತಿ ಈ ತುದಿಯಿಂದ ಆ ತುದಿಗೆ ಹೋಗುವುದು. ಪುಸ್ತಕ ಕೈಗೆ ಬಂದೊಡನೆ ಮಕ್ಕಳು ಯಾವುದನ್ನು ಮೊದಲು ಹರಿಯುತ್ತಾರೆಂದು ಹೇಳಬೇಕಾಗಿಲ್ಲ. ಸಂಜೆಗೆ ಎಲ್ಲರ ಜೇಬಿನಲ್ಲೂ ಎ ಮತ್ತು ಬಿಗಳೇ ಉಳಿದಿರುತ್ತಿದ್ದವು. ಕಾಸು ಕೊಟ್ಟ ಮಾಲು, ಎಸೆಯಲು ಮನಸ್ಸಾಗದು. ಬರೀ ಕುದುರೆಗಾಡಿಗಾಗಿ ಮತ್ತೆ ಅಷ್ಟು ದೂರ ಬರುವುದೂ ಆಗದು. ಹೀಗೆ ಒಂದು ದೇಶದ ಮೇಜಿನ ಡ್ರಾಯರುಗಳಲ್ಲೆಲ್ಲ ಹತ್ತು ಸೆಂಟಿನ ಎ ಕೂಪನ್ನುಗಳು ಶೇಖರವಾದವು. 1982ರಲ್ಲಿ ಪುಸ್ತಕದ ಪದ್ಧತಿ ನಿಂತು, ಒಮ್ಮೆ ಕೊಟ್ಟರೆ ದಿನವಿಡೀ ಎಲ್ಲ ಆಟ ಎಂದಾದ ಮೇಲೂ ಇ ಟಿಕೆಟ್ಟಿನ ಖ್ಯಾತಿ ಇಳಿಯಲಿಲ್ಲ. ಮರುವರ್ಷ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ತಮ್ಮ ನೌಕೆ ಮೇಲೇರಿದ ಅನುಭವವನ್ನು ಹೋಲಿಸಿದ್ದು ಇದೇ ಇ ಟಿಕೆಟ್ಟಿಗೆ. ಎ ಟಿಕೆಟ್ಟಿಗೆ ಯಾರೂ ಯಾವುದನ್ನೂ ಹೋಲಿಸಿದ್ದನ್ನು ನಾನು ಕೇಳಿಲ್ಲ. ಹಳೆಯ ಕೂಪನ್ನು ತಂದುಕೊಟ್ಟರೆ ಮುಖಬೆಲೆಯಷ್ಟನ್ನು ಹೊಸ ಟಿಕೆಟ್ಟಿಗೆ ಜಮೆ ಹಿಡಿಯುವ ರೂಢಿಯೇನೋ ಉಂಟು. ಹತ್ತು ಸೆಂಟು ಬಿಟ್ಟುಕೊಡಲು ಯಾರು ಸಾಲಿನಲ್ಲಿ ನಿಲ್ಲುತ್ತಾರೆ? ಸಂಗ್ರಹಕಾರರು ಅದಕ್ಕಿಂತ ಹೆಚ್ಚು ಕೊಡುತ್ತಾರೆ.

ಭಾವನ ಟಿಕೆಟ್ಟುಗಳ ಕಥೆ ಇದಕ್ಕಿಂತ ಲಾಭದಾಯಕ. ಅವು ರೂಪಾಯಿ ಲೆಕ್ಕದ ಬಾಕಿಯಲ್ಲ, ದಿನದ ಲೆಕ್ಕದ ಬಾಕಿ. ಡಿಸ್ನಿ ವರ್ಲ್ಡ್ 1971ರಲ್ಲಿ ತೆರೆದಾಗ ದೊಡ್ಡವರ ಪ್ರವೇಶ ಮೂರೂವರೆ ಡಾಲರು. 2015ರಲ್ಲಿ ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಒಂದು ದಿನ 105 ಡಾಲರಾಯಿತು. 2022ರ ಕ್ರಿಸ್‌ಮಸ್ ಹೊತ್ತಿಗೆ ದಟ್ಟಣೆಯ ದಿನಗಳಲ್ಲಿ ಅದೇ 189. ದರ ಏರಿದ ಸುದ್ದಿ ಬಂದಾಗಲೆಲ್ಲ ಜನ ಬೈದುಕೊಂಡರೆ ಭಾವ ಚಹಾ ಕುಡಿಯುತ್ತ ಮುಗುಳ್ನಗುತ್ತಿದ್ದರು. ಜಯನಗರದಲ್ಲಿ ಅಗ್ಗದ ಕಾಲದಲ್ಲಿ ಸೈಟು ಮಾಡಿಟ್ಟುಕೊಂಡವರು ಪೇಪರಿನಲ್ಲಿ ಚದರಡಿಯ ರೇಟು ಓದುತ್ತಾರಲ್ಲ, ಆ ಶೈಲಿಯಲ್ಲಿ. ಅದೇ ಕಾರಣಕ್ಕೆ ಟಿಕೆಟ್ಟುಗಳನ್ನು ಬಳಸುವ ಮಾತೂ ಏಳುತ್ತಿರಲಿಲ್ಲ. “ಈ ವರ್ಷ ಹೋಗಿ ಬರೋಣ್ವಾ?” ಎಂದು ಅಕ್ಕ ಕೇಳಿದರೆ, “ಈಗಲೇ ಯಾಕೆ? ಇನ್ನೂ ಏರುತ್ತೆ” ಎನ್ನುವರು. ಮಾರಲಾಗದ ಸೈಟಿಗೆ ಬೆಲೆ ಏರಿದರೇನು ಎಂಬ ಅಕ್ಕನ ಪ್ರಶ್ನೆಗೆ ಅವರ ಹತ್ತಿರ ಉತ್ತರವಿರಲಿಲ್ಲ.

ಕಂಪನಿಯವರು ದಡ್ಡರಲ್ಲ. ಮಾರಿದ, ಆದರೆ ಇನ್ನೂ ಬಳಕೆಯಾಗದ ಟಿಕೆಟ್ಟು ಲೆಕ್ಕಪುಸ್ತಕದಲ್ಲಿ ಆದಾಯವಲ್ಲ, ಹೊಣೆ. ಡಿಪಾಸಿಟ್ಟಿನ ಹಾಗೆಯೇ ಅದು ಕೊಡಬೇಕಾದ ಕಡೆ ಕೂರುತ್ತದೆ, ಅಂದರೆ ಬೇಡದ ಕಡೆ. 2005ರ ಜನವರಿಯಲ್ಲಿ ಹೊಸ ಪದ್ಧತಿ ತಂದರು: ಮೊದಲ ಸಲ ಬಳಸಿದ ಹದಿನಾಲ್ಕು ದಿನದೊಳಗೆ ಉಳಿದದ್ದೂ ಮುಗಿಯಬೇಕು. ಅವಧಿ ಬೇಡವೆನ್ನುವವರು ಅದಕ್ಕೆಂದೇ ಹೆಚ್ಚಿನ ಹಣ ಕೊಡಬೇಕು. 2015ರಲ್ಲಿ ಹೆಚ್ಚಿನ ಹಣಕ್ಕೂ ಅದು ಸಿಗದಾಯಿತು. 2018ರ ಅಕ್ಟೋಬರಿನಿಂದ ತಾರೀಕಿಗೊಂದು ಬೆಲೆ. ಈಗ ಟಿಕೆಟ್ಟು ಕೊಂಡು ಒಂದು ದಿನವೂ ಹೋಗದೆ ಅವಧಿ ಮುಗಿದರೆ ಹಣ ವಾಪಸಿಲ್ಲ, ಕೊಟ್ಟಷ್ಟು ಹಣವನ್ನು ಹೊಸ ಟಿಕೆಟ್ಟಿಗೆ ಜಮೆ ಹಿಡಿಯುತ್ತಾರೆ, ಏರಿದ ವ್ಯತ್ಯಾಸ ನಾವು ತುಂಬಬೇಕು. ಒಂದು ದಿನ ಹೋಗಿ ಮಿಕ್ಕದ್ದನ್ನು ಬಿಟ್ಟರೆ ಮಿಕ್ಕದ್ದು ಹೋದಂತೆಯೇ. ಆದರೆ ಹಳೆಯ ಮಾತನ್ನು ಹಳೆಯ ಟಿಕೆಟ್ಟಿನ ಮಟ್ಟಿಗೆ ಮುರಿಯಲಿಲ್ಲ, ಅದನ್ನು ಮೆಚ್ಚಬೇಕು. 1985ರಲ್ಲಿ ಹುಡುಗಿಯಾಗಿದ್ದಾಗ ಡಿಸ್ನಿಲ್ಯಾಂಡಿನಲ್ಲಿ ಬಹುಮಾನವಾಗಿ ಬಂದಿದ್ದ ಪಾಸನ್ನು ಕೆನಡಾದ ಹೆಂಗಸೊಬ್ಬರು 2019ರಲ್ಲಿ ಮಕ್ಕಳೊಡನೆ ತಂದು ತೋರಿಸಿದಾಗ, ಗೇಟಿನವರು ಒಳಗೆ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಭಾವ ಅದನ್ನು ಕತ್ತರಿಸಿ ಟಿಕೆಟ್ಟುಗಳ ಜೊತೆಗಿಟ್ಟರು, ನ್ಯಾಯಾಲಯದ ತೀರ್ಪಿನ ಪ್ರತಿಯನ್ನು ಇಟ್ಟುಕೊಳ್ಳುವಂತೆ.

ಉಳಿದ ದಿನಗಳ ಕಾಳದಂಧೆಯೂ ಒಂದಿತ್ತು. ಆರ್ಲ್ಯಾಂಡೊ ಪಕ್ಕದ ಕಿಸಿಮ್ಮಿಯಲ್ಲಿ 192ನೇ ಹೆದ್ದಾರಿಯ ಉದ್ದಕ್ಕೂ ಟಿಕೆಟ್ ಅಗ್ಗವೆಂದು ಬೋರ್ಡು ಹಾಕಿದ ಗೂಡಂಗಡಿಗಳು. ಐದು ದಿನದ ಟಿಕೆಟ್ಟಿನಲ್ಲಿ ಮೂರು ದಿನ ಕಳೆದು ಊರಿಗೆ ಹೊರಟವರಿಂದ ಅಷ್ಟಿಷ್ಟು ಕೊಟ್ಟು ಕೊಳ್ಳುವುದು, ಮರುದಿನ ಬಂದ ಇನ್ನೊಬ್ಬರಿಗೆ ಮಾರುವುದು. ಒಂದೆರಡು ದಿನ ಉಳಿದಿದೆಯೆಂದು ಮಾರಿದ ಟಿಕೆಟ್ಟಿನಲ್ಲಿ ಏನೂ ಉಳಿದಿಲ್ಲವೆಂದು ಗೇಟಿನಲ್ಲಿ ತಿಳಿದರೆ, ಮಕ್ಕಳನ್ನು ಕಟ್ಟಿಕೊಂಡು ಬಂದ ಆ ಅಪ್ಪನ ಗತಿ ಏನು? ವರ್ಗಾವಣೆ ಮಾಡಬಾರದೆಂದು ಅಚ್ಚಾದ ಬಹುದಿನದ ಟಿಕೆಟ್ಟನ್ನು ಅರ್ಧ ಬಳಸಿ ಮಾರುವುದು ಫ್ಲಾರಿಡಾದಲ್ಲಿ ಕಾನೂನಿನ ಪ್ರಕಾರವೇ ಅಪರಾಧ. ಗೇಟಿನಲ್ಲಿ ಬೆರಳಿಟ್ಟು ಒಳಗೆ ಹೋಗುವ ಯಂತ್ರ ಬಂದದ್ದೂ ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರು ನುಗ್ಗಬಾರದೆಂದು.

ಟಿಕೆಟ್ಟು ಬದುಕಿದ್ದು ಜಾಗವೇ ಸತ್ತದ್ದೂ ಉಂಟು. ಪಾರ್ಕಿನ ಜೊತೆಗೆ ಇತರ ಕಡೆಗಳಿಗೂ ಪ್ರವೇಶ ಕೊಡುವ ಟಿಕೆಟ್ಟುಗಳು ಆಗ ಇದ್ದವು. ರಿವರ್ ಕಂಟ್ರಿ ಎಂಬ ನೀರಾಟದ ತಾಣ 2001ರಲ್ಲಿ ಬಾಗಿಲು ಹಾಕಿತು. ರಾತ್ರಿಯಿಡೀ ಕುಣಿಯುವ ಪ್ಲೆಷರ್ ಐಲ್ಯಾಂಡಿನ ಕ್ಲಬ್ಬುಗಳು 2008ರಲ್ಲಿ ಮುಚ್ಚಿದವು. ವಿಡಿಯೊ ಆಟಗಳ ಡಿಸ್ನಿಕ್ವೆಸ್ಟ್ 2017ರಲ್ಲಿ ಹೋಯಿತು. ಅವುಗಳ ಪ್ರವೇಶಪತ್ರ ಇಟ್ಟುಕೊಂಡವರು ಯಾವ ಗೇಟಿಗೆ ಹೋಗಬೇಕು? ಸಾಲಗಾರ ಬದುಕಿದ್ದಾನೆ, ಅಡವಿಟ್ಟ ಮನೆಯೇ ಬಿದ್ದುಹೋಗಿದೆ ಎನ್ನುವ ಇಂಥ ಕೇಸುಗಳನ್ನು ನಮ್ಮ ಬ್ರಾಂಚಿನಲ್ಲಿ ಹಳೆಯ ಮ್ಯಾನೇಜರುಗಳು ಹೊಸಬರಿಗೆ ದಾಟಿಸಿ ವರ್ಗವಾಗಿ ಹೋಗುತ್ತಿದ್ದರು.

ಕೊನೆಗೆ ಆ ಟಿಕೆಟ್ಟುಗಳನ್ನು ಹೊರತೆಗೆಸಿದ್ದು ಇನ್ನೊಂದು ಉಳಿತಾಯ. 1999ರ ಎಂಟು ವರ್ಷದ ಹುಡುಗಿಗೆ ಈಗ ಮದುವೆಯಾಗಿ ಗಂಡುಮಗುವಿದೆ. ಡಿಸ್ನಿಯಲ್ಲಿ ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ಟಿಲ್ಲ. ಮೊಮ್ಮಗನಿಗೆ 2024ರ ನವೆಂಬರಿನಲ್ಲಿ ಮೂರು ತುಂಬುತ್ತದೆಂದು ಲೆಕ್ಕ ಹಾಕಿದ ಭಾವ, ಇಪ್ಪತ್ತೈದು ವರ್ಷದ ತಪಸ್ಸನ್ನು ಒಂದೇ ಸಂಜೆಯಲ್ಲಿ ಮುರಿದು, ಅಕ್ಟೋಬರಿಗೆ ವಿಮಾನ ಗೊತ್ತುಮಾಡಿದರು. ನಾನು ಆ ಹೊತ್ತಿಗೆ ಅವರ ಮನೆಯಲ್ಲಿದ್ದೆ. ಅಳಿಯನಿಗೂ ನನಗೂ ಹೊಸ ಟಿಕೆಟ್ಟು ಬೇಕು. ಭಾವ ಕಟ್ಟಿನಿಂದ ನಾಲ್ಕನೆಯದನ್ನು ತೆಗೆದು ನನ್ನ ಮುಂದಿಟ್ಟರು. ಅದು ಅಮ್ಮನದು.

ಆ ಕಾಲದ ಟಿಕೆಟ್ಟಿಗೆ ಬೆರಳೂ ಇಲ್ಲ, ಫೋಟೋವೂ ಇಲ್ಲ. ಹಿಂದೆ ಕಪ್ಪು ಪಟ್ಟಿ, ಒಂದು ಉದ್ದದ ಸಂಖ್ಯೆ, ಸಹಿಗೊಂದು ಗೆರೆ. ಗೆರೆಯ ಮೇಲೆ ಅಮ್ಮ ಕನ್ನಡದಲ್ಲಿ ಸಹಿ ಹಾಕಿದ್ದಳು. ಕೊನೆಯ ಅಕ್ಷರದ ಒತ್ತನ್ನು ಕೆಳಗೆ ಎಳೆದು ಗೆರೆಯನ್ನೇ ದಾಟಿಸುವ ಅದೇ ಸಹಿ. ನಮ್ಮ ಬ್ರಾಂಚಿನಲ್ಲೇ ಅವಳ ಖಾತೆ ಇದ್ದದ್ದರಿಂದ, ಅದನ್ನು ನಮೂನೆಯ ಕಾರ್ಡಿನ ಪಕ್ಕ ಇಟ್ಟು ಎಷ್ಟೋ ಸಲ ತಾಳೆ ನೋಡಿದ್ದೇನೆ.

“ಇಲ್ಲಿ ಇದನ್ನ ಯಾರು ಓದ್ತಾರೆ? ನೀನೇ ಇದರಲ್ಲಿ ಬಾ. ಸಹಿ ಮಾಡು ಅಂದ್ರೆ ನಿನಗೇನು ಬರಲ್ವಾ?” ಅಂದರು ಭಾವ.

“ಬರುತ್ತೆ ಭಾವ, ಅದೇ ತೊಂದರೆ” ಅಂದೆ. ಸಹಿ ತಾಳೆ ನೋಡಿ ಸಂಬಳ ತಿಂದವರು ಇನ್ನೊಬ್ಬರ ಸಹಿ ಹಾಕಬಾರದು. ಅಕ್ಕ ಏನೂ ಹೇಳದೆ ಆ ಟಿಕೆಟ್ಟನ್ನು ತೆಗೆದು ತನ್ನ ಪರ್ಸಿಗೆ ಸೇರಿಸಿಕೊಂಡಳು. ನಾನು ಫೋನಿನಲ್ಲಿ ಹೊಸ ಟಿಕೆಟ್ಟು ಕೊಂಡೆ. ಎಷ್ಟಾಯಿತೆಂದು ಬರೆಯುವುದಿಲ್ಲ. ರೂಪಾಯಿಗೆ ತಿರುಗಿಸಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಹಳೆಯ ಟಿಕೆಟ್ಟಿನಿಂದ ಈಗಿನ ಗೇಟು ನೇರವಾಗಿ ತೆರೆಯುವುದಿಲ್ಲ. ಗೇಟುಗಳು ಈಗ ಒಳಗೆ ಚಿಪ್ ಹುದುಗಿಸಿದ ಕಾರ್ಡನ್ನೋ ಕೈಪಟ್ಟಿಯನ್ನೋ ಫೋನನ್ನೋ ಮುಟ್ಟಿಸಿದರೆ ಮಾತ್ರ ಹಸಿರಾಗುತ್ತವೆ. ಆದ್ದರಿಂದ ಮೊದಲು ಕೌಂಟರಿಗೆ ಹೋಗಿ ಬದಲಾಯಿಸಿಕೊಳ್ಳಬೇಕು. ಮ್ಯಾಜಿಕ್ ಕಿಂಗ್‌ಡಮ್ಮಿಗೆ ಹೋಗುವ ದೋಣಿ, ಮಾನೊರೈಲು ಹತ್ತುವ ನಿಲ್ದಾಣದಲ್ಲೇ ಆ ಕೌಂಟರುಗಳಿವೆ. ಕೋವಿಡ್ ನಂತರ ಯಾವ ದಿನ ಬರುತ್ತೇವೆಂದು ಮುಂಚೆಯೇ ಕಾಯ್ದಿರಿಸುವ ಕಟ್ಟಳೆಯೊಂದನ್ನು ತಂದಿದ್ದರು, ಹಳೆಯ ಟಿಕೆಟ್ಟಿನವರಿಗೆ ಅದೊಂದು ಚಕ್ರವ್ಯೂಹವಾಗಿತ್ತು. ತಾರೀಕು ನಮೂದಾದ ಟಿಕೆಟ್ಟಿನವರಿಗೆ 2024ರ ಜನವರಿಯಲ್ಲಿ ಅದನ್ನು ಕೈಬಿಟ್ಟರೂ, ತಾರೀಕೇ ಇಲ್ಲದ ನಮ್ಮದಕ್ಕೆ ಏನು ಹೇಳುವರೋ ಎಂದು ಭಾವ ಬೆಳಗಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ವಾದಕ್ಕೆ ಸಿದ್ಧವಾಗಿದ್ದರು. ಪತ್ರಿಕೆಯ ತುಣುಕು ಜೇಬಿನಲ್ಲಿತ್ತು.

ವಾದ ನಡೆಯಲೇ ಇಲ್ಲ. ಕೌಂಟರಿನ ಹುಡುಗ ಟಿಕೆಟ್ಟುಗಳನ್ನು ನೋಡಿ, ತಾನು ಹುಟ್ಟುವ ಮುಂಚಿನವು ಇವು ಎಂದು ನಕ್ಕ. ಮುಂದಿನ ಅಕ್ಷರಗಳು ಬೆಳ್ಳಗಾಗಿದ್ದವು, ಹಿಂದಿನ ಸಂಖ್ಯೆ ಉಳಿದಿತ್ತು. ಅದನ್ನು ಒಂದೊಂದೇ ಅಂಕಿಯಾಗಿ ಒತ್ತಿದ. ಕಂಪ್ಯೂಟರು ಸ್ವಲ್ಪ ಯೋಚಿಸಿ, ಎರಡು ದಿನ ಬಾಕಿ ಎಂದು ಒಪ್ಪಿಕೊಂಡಿತು. ಅಕ್ಕನ ಮಗಳದು ಮಕ್ಕಳ ಟಿಕೆಟ್ಟು. ಡಿಸ್ನಿಯಲ್ಲಿ ಒಂಬತ್ತು ದಾಟಿದರೆ ದೊಡ್ಡವರ ಲೆಕ್ಕ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತವಳನ್ನೂ, ಟಿಕೆಟ್ಟಿನ ಹಿಂದೆ ದುಂಡನೆಯ ಅಕ್ಷರದಲ್ಲಿ ಬರೆದ ಅವಳ ಹೆಸರನ್ನೂ ನೋಡಿ, ಒಂದು ಮಾತೂ ಆಡದೆ ದೊಡ್ಡವರ ಕಾರ್ಡು ಮಾಡಿಕೊಟ್ಟ. ಇಪ್ಪತ್ತೈದು ವರ್ಷ ಕಾಪಾಡಿದ ಆಸ್ತಿ ಕೆಲವೇ ನಿಮಿಷದಲ್ಲಿ ಮೂರು ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳಾಗಿ ಕೈಗೆ ಬಂತು. ಭಾವನ ಗಂಟಲು ಸರಿಯಾಗಿದ್ದು ದಂಡವಾಯಿತು.

ಆಗ ಅಕ್ಕ ಪರ್ಸಿನಿಂದ ಅಮ್ಮನ ಟಿಕೆಟ್ಟು ತೆಗೆದು, ಬಳಸುವುದಕ್ಕಲ್ಲ, ಇದರಲ್ಲಿ ಇನ್ನೂ ಇದೆಯೇ ನೋಡು ಅಂದಳು. ಹುಡುಗ ಸಂಖ್ಯೆ ಒತ್ತಿದ. ಇದೆ, ಎರಡು ದಿನ. ಟಿಕೆಟ್ಟಿನವರು ಬಂದಿಲ್ಲವೇ ಎಂದ. ಅವರು ತೀರಿಹೋಗಿದ್ದಾರೆಂದು ಅಕ್ಕ ಹೇಳಿದಳು. ಬೇರೆಯವರಿಗೆ ಬದಲಾಯಿಸಲು ಬರುವುದಿಲ್ಲ ಎಂದು ಅವನು ತಾನೇ ನಿಯಮ ಮಾಡಿದವನ ಹಾಗೆ ನೊಂದುಕೊಂಡು ಹೇಳಿದ.

“ನಾಮಿನಿ ಅಂತೆಲ್ಲ ಏನೂ ಇಲ್ವಾ ಇವರಲ್ಲಿ?” ಎಂದು ಭಾವ ನನ್ನ ಕಡೆ ತಿರುಗಿ ಕೇಳಿದರು. ನಮ್ಮಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಡಿಪಾಸಿಟ್ಟು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ವಾರಸುದಾರರು ಕಾಗದಪತ್ರ ತಂದರೆ ಬ್ಯಾಂಕು ಬಡ್ಡಿಸಮೇತ ಕೊಡಬೇಕು. ಹುಡುಕಿಕೊಳ್ಳಲೆಂದು 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ಮಾಡಿದ್ದಾರೆ. ಅಮ್ಮನ ಉಳಿತಾಯ ಖಾತೆಯ ಸಾವಿರ ಚಿಲ್ಲರೆ ರೂಪಾಯಿಗೆ ನಾವಿಬ್ಬರೂ ವಾರಸುದಾರರಾದೆವು. ಎಪ್ಕಾಟಿನ ಬದನೆಕಾಯಿಗೆ ಯಾರೂ ವಾರಸುದಾರರಲ್ಲ. ಕಂಪನಿಯ ಪುಸ್ತಕದಲ್ಲಿ ಮೈಸೂರಿನ ಒಬ್ಬ ಹೆಂಗಸಿಗೆ ಎರಡು ದಿನ ಕೊಡಬೇಕಾದದ್ದು ಇದೆಯೆಂದು ಬರೆದಿರುತ್ತದೆ. ಅಕ್ಕನಿಗೆ ಅಷ್ಟು ಸಾಕಾಗಿತ್ತು ಅಂತ ಕಾಣುತ್ತದೆ, ಟಿಕೆಟ್ಟನ್ನು ಮತ್ತೆ ಪರ್ಸಿನಲ್ಲಿಟ್ಟುಕೊಂಡಳು.

ಒಳಗೆ ಹೋದ ಮೇಲೆ ಭಾವನಿಗೆ ನಿಜವಾದ ಆಘಾತ ಕಾದಿತ್ತು. 1999ರಲ್ಲೇ ಡಿಸ್ನಿಯವರು ಫಾಸ್ಟ್‌ಪಾಸ್ ಎಂಬುದನ್ನು ಶುರುಮಾಡಿದ್ದರು. ಯಂತ್ರಕ್ಕೆ ಟಿಕೆಟ್ಟು ತೋರಿಸಿದರೆ ಇಂಥ ಹೊತ್ತಿಗೆ ಬಾ ಎಂದು ಚೀಟಿ ಬರುತ್ತಿತ್ತು, ಆ ಹೊತ್ತಿಗೆ ಹೋದರೆ ಸಾಲಿಲ್ಲ, ಕಾಸೂ ಇಲ್ಲ. ಈಗ ಅದರ ಜಾಗದಲ್ಲಿ ಲೈಟ್ನಿಂಗ್ ಲೇನ್ ಎಂಬುದಿದೆ. ಸಾಲು ತಪ್ಪಿಸಬೇಕೆಂದರೆ ಫೋನಿನಲ್ಲಿ ದುಡ್ಡು ಕಟ್ಟಬೇಕು. ಬಹುತೇಕ ಆಟಗಳಿಗೆ ಸೇರಿಸಿ ಒಂದು ದರ, ಟ್ರಾನ್ ಬೈಕಿನಂಥ ಎಲ್ಲರೂ ಮುಗಿಬೀಳುವ ಆಟಕ್ಕೆ ಪ್ರತ್ಯೇಕ ದರ. ಇಪ್ಪತ್ತೈದು ವರ್ಷ ಬೆಳೆದ ಟಿಕೆಟ್ಟಿನಲ್ಲಿ ಬಿಟ್ಟಿಯಾಗಿ ಒಳಗೆ ಬಂದ ಭಾವ, ಬಿಸಿಲಿನಲ್ಲಿ ಉದ್ದದ ಸಾಲಿನಲ್ಲಿ ನಿಂತು, ಪಕ್ಕದ ಸಾಲಿನಲ್ಲಿ ಜನ ಸರಸರನೆ ಹೋಗುವುದನ್ನು ನೋಡಿದರು.

“ಇದು ಹಳೇ ಕೂಪನ್ನೇ ಕಣೋ. ಇ ಟಿಕೆಟ್ಟನ್ನ ಹಿಂದಿನ ಬಾಗಿಲಿಂದ ತಂದಿದ್ದಾರೆ” ಅಂದರು ಅಳಿಯನಿಗೆ. ನಾನು ಒಪ್ಪುತ್ತೇನೆ. 1982ರಲ್ಲಿ ಕೂಪನ್ ಪುಸ್ತಕ ಹೋದಾಗ ಒಳಗೆ ಬಂದವರೆಲ್ಲ ಸಮಾನರಾಗಿದ್ದರು. ಮತ್ತೆ ಈಗ ಆಟಕ್ಕೊಂದು ಬೆಲೆ ಬಂತು. ಒಂದೇ ವ್ಯತ್ಯಾಸ, ಆಗಿನ ಕೂಪನ್ನು ಜೇಬಿನಲ್ಲಿ ಉಳಿಯುತ್ತಿತ್ತು, ಈಗಿನದು ಆ ರಾತ್ರಿಯೇ ಫೋನಿನಿಂದ ಮಾಯವಾಗುತ್ತದೆ. ಮುಂದಿನವರ ಡ್ರಾಯರಿಗೆ ಇವರು ಏನನ್ನೂ ಬಿಡುತ್ತಿಲ್ಲ. ನನಗೆ ಸಿಟ್ಟು ಬಂದದ್ದು ದರಕ್ಕಿಂತ ಇದಕ್ಕೇ.

ಮೊಮ್ಮಗ ಅಜ್ಜನ ಹೆಗಲಲ್ಲಿ ಮಲಗಿದ್ದ. ಅವನಿಗೆ ಟಿಕೆಟ್ಟೂ ಇರಲಿಲ್ಲ, ಆಟವೂ ಬೇಕಿರಲಿಲ್ಲ. ಎಚ್ಚರವಿದ್ದಾಗ ಅವನು ನೋಡಿದ್ದು ಬಾತುಕೋಳಿಗಳನ್ನು, ಅವೂ ಕಾರ್ಟೂನಿನವಲ್ಲ, ಊಟದ ಮೇಜಿನ ಕೆಳಗೆ ಚೂರು ಹೆಕ್ಕುವ ನಿಜವಾದವು.

ಎರಡನೆಯ ದಿನ ಎಪ್ಕಾಟಿಗೆ ಹೋದೆವು. ದೋಣಿಯ ಸವಾರಿ ಇನ್ನೂ ಇದೆ, ಬೇರುಗಳು ಇನ್ನೂ ತೂಗುತ್ತಿವೆ. ಅದರ ಸಾಲು ಚಿಕ್ಕದು. ಗೇಟು ದಾಟಿದಾಗಲೇ ಭಾವನ ಟಿಕೆಟ್ಟಿನ ಕೊನೆಯ ದಿನ ಖರ್ಚಾಗಿತ್ತು, ಕಂಪನಿ ಋಣಮುಕ್ತವಾಗಿತ್ತು. ಮಧ್ಯಾಹ್ನದಿಂದ ಅವರು ಕುರ್ಚಿ ಸಿಕ್ಕಲ್ಲೆಲ್ಲ ತುದಿಯಲ್ಲೇ ಕೂರುತ್ತಿದ್ದರು. ಕಾಲುನೋವು ಅಂದರು.

ಸಂಜೆ ಎಲ್ಲರಿಗೂ ಐಸ್‌ಕ್ರೀಂ ಆಸೆಯಾಯಿತು. ಅಳಿಯ ಹುಟ್ಟುಹಬ್ಬಕ್ಕೆಂದು ಮಾವನಿಗೆ ಕೊಟ್ಟಿದ್ದ ಡಿಸ್ನಿ ಗಿಫ್ಟ್ ಕಾರ್ಡಿನಲ್ಲಿ ಊಟದ ಬಿಲ್ಲು ಕಳೆದು ಹನ್ನೊಂದು ಡಾಲರು ಉಳಿದಿತ್ತು. ಅಂಗಡಿಯವಳು ಕೈಚಾಚಿದಳು. ಭಾವ ಕಾರ್ಡನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರು, ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

“ಇದಕ್ಕೆ ಎಕ್ಸ್‌ಪೈರಿ ಇಲ್ಲ” ಅಂದರು. “ಇದು ಇರಲಿ.”

ಅಕ್ಕ ತನ್ನ ಕ್ರೆಡಿಟ್ ಕಾರ್ಡು ತೆಗೆದು ಕೊಟ್ಟಳು.